ಸ್ಟೇಷನ್ ಹತ್ತಿರ ರೂಮು ಹಿಡಿಯುವ ಮುನ್ನ: ತುಮಕೂರಿನ ಲೆಕ್ಕ

ಬೆಂಗಳೂರಿಗೆ ಎಪ್ಪತ್ತೇ ಕಿಲೋಮೀಟರು, ತುಮಕೂರಿನಲ್ಲಿ ರೂಮು ಮಾಡಿಕೊಂಡು ಉಳಿಯುವ ದರ್ದು ಯಾರಿಗಿದೆ ಎಂದು ಕೇಳುವವರಿದ್ದಾರೆ. ಬೆಳಿಗ್ಗೆ ಎಂಟೂವರೆಗೆ ವಸಂತನರಸಾಪುರದ ಕಾರ್ಖಾನೆ ಗೇಟಿನಲ್ಲಿ ನಿಲ್ಲಬೇಕಾದ ಸರ್ವಿಸ್ ಎಂಜಿನಿಯರ್‌ಗಿದೆ. ಮೂರು ದಿನ ಕೂತು ಲೆಕ್ಕದ ಪುಸ್ತಕ ತಿರುವಬೇಕಾದ ಆಡಿಟರ್‌ಗಿದೆ. ಕಾಲೇಜುಗಳಿಗೆ ಪ್ರಾಕ್ಟಿಕಲ್ ಪರೀಕ್ಷೆ ನಡೆಸಲು ಹೊರಗಿನಿಂದ ಬರುವ ಮೇಷ್ಟರುಗಳಿಗಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಮೇಲೆ ಆ ಕಡೆ ಕೆಲಸದ ಮೇಲೆ ಬರುವವರಿಗೂ ಇದೆ. ಪೀಣ್ಯ–ನೆಲಮಂಗಲದ ಟ್ರಾಫಿಕ್ಕನ್ನು ದಿನಾ ಎರಡು ಸಲ ದಾಟುವುದಕ್ಕಿಂತ ಇಲ್ಲೇ ಒಂದೆರಡು ರಾತ್ರಿ ಮಲಗುವುದು ಮೇಲು ಎಂದು ಇವರೆಲ್ಲ ಲೆಕ್ಕ ಹಾಕಿರುತ್ತಾರೆ. ಹುಬ್ಬಳ್ಳಿ, ದಾವಣಗೆರೆ ಕಡೆಯಿಂದ ಹೊತ್ತಲ್ಲದ ಹೊತ್ತಿನಲ್ಲಿ ಬಂದಿಳಿಯುವವರದು ಇನ್ನೊಂದು ಗುಂಪು.

ಆ್ಯಪ್ ತೆರೆದು "ತುಮಕೂರು ರೈಲ್ವೆ ಸ್ಟೇಷನ್ ಹತ್ತಿರ" ಎಂದು ಹಾಕಿದರೆ ಬರುವ ಫೋಟೋಗಳಲ್ಲಿ ಎಲ್ಲ ರೂಮೂ ಒಂದೇ ತರಹ: ಬಿಳಿ ಬೆಡ್‌ಶೀಟು, ಕಾಲಿನ ಕಡೆ ಒಂದು ಬಣ್ಣದ ಪಟ್ಟಿ, ಗೋಡೆಗೆ ಟಿ.ವಿ. ರೂಮು ಕೈಕೊಡುವುದು ಈ ಯಾವುದರಲ್ಲೂ ಅಲ್ಲ. ನಿದ್ದೆ, ಬಿಸಿನೀರು, ಕರೆಂಟು, ಬಿಲ್ಲು, ಈ ನಾಲ್ಕರಲ್ಲಿ. ನಾಲ್ಕೂ ಫೋಟೋದಲ್ಲಿ ಕಾಣುವುದಿಲ್ಲ, ಐದು ನಿಮಿಷದ ಫೋನಿನಲ್ಲಿ ತಿಳಿಯುತ್ತವೆ.

ಅದಕ್ಕೂ ಮೊದಲು ಒಂದು ಪ್ರಶ್ನೆ ಇತ್ಯರ್ಥವಾಗಬೇಕು: ನಿಮಗೆ ನಿಜವಾಗಿ ಸ್ಟೇಷನ್ ಹತ್ತಿರವೇ ಬೇಕೆ? ರೈಲಿಗೂ ರೂಮಿಗೂ ನಡುವೆ ಪ್ರಯಾಣ ಒಂದೇ ಸಲ ಹೋಗಿ ಒಂದೇ ಸಲ ಬರುವುದು. ಕೆಲಸದ ಜಾಗಕ್ಕೂ ರೂಮಿಗೂ ನಡುವೆ ದಿನಾ ಎರಡು ಸಲ. ವಸಂತನರಸಾಪುರ, ಅಲ್ಲಿನ ಫುಡ್ ಪಾರ್ಕು, ಜಪಾನಿ ಕಂಪನಿಗಳು, ಮೆಷಿನ್ ಟೂಲ್ಸ್ ಪಾರ್ಕು ಎಲ್ಲವೂ ಊರಾಚೆ, ಶಿರಾ ಕಡೆಗೆ ಹೋಗುವ 48ನೇ ಹೆದ್ದಾರಿಯ ಆಸುಪಾಸು. ಅಲ್ಲಿ ಮೂರ್ನಾಲ್ಕು ದಿನದ ಕೆಲಸವಿದ್ದರೆ ಸ್ಟೇಷನ್ ಪಕ್ಕ ಉಳಿದು ದಿನಾ ಊರು ದಾಟಿ ಹೋಗುವುದಕ್ಕಿಂತ ಅಂತರಸನಹಳ್ಳಿ ಕಡೆ, ಹೆದ್ದಾರಿಗೆ ಹತ್ತಿರ ರೂಮು ಹಿಡಿಯುವುದು ಜಾಣತನ. ಹಿರೇಹಳ್ಳಿ ಕೈಗಾರಿಕಾ ಪ್ರದೇಶದ ಕೆಲಸವಾದರೆ ಬೆಂಗಳೂರು ಕಡೆಯ ದಿಕ್ಕು, ಕ್ಯಾತ್ಸಂದ್ರ–ಬಟವಾಡಿ ಸುತ್ತ ನೋಡಬೇಕು. ಕೆಲಸ ಊರೊಳಗೇ ಇದ್ದರೆ, ಅಂದರೆ ವಿಶ್ವವಿದ್ಯಾಲಯ, ಎಂಜಿನಿಯರಿಂಗ್ ಕಾಲೇಜಾದ ಎಸ್‌ಐಟಿ, ಡಿ.ಸಿ. ಆಫೀಸು, ಬಿ.ಎಚ್. ರಸ್ತೆಯ ಬ್ಯಾಂಕುಗಳು, ಆಗ ಸ್ಟೇಷನ್ ಹತ್ತಿರದ ರೂಮಿಗೆ ಸಾಟಿಯಿಲ್ಲ. ಬೆಳಗಿನ ಜಾವದ ಗಾಡಿ ಹಿಡಿಯಬೇಕಾದವರಿಗೂ ಅಷ್ಟೇ.

ಹತ್ತಿರ ಎಂದು ಆ್ಯಪ್ ತೋರಿಸುವ ಕಿಲೋಮೀಟರನ್ನು ನಂಬಬೇಡಿ. ಅದು ನಕ್ಷೆಯ ಮೇಲೆ ಹಕ್ಕಿ ಹಾರುವ ದೂರ. ರೈಲು ಹಳಿ ಊರನ್ನು ಎರಡು ಭಾಗ ಮಾಡಿದೆ. ಹಳಿಯಾಚೆ ಶೆಟ್ಟಿಹಳ್ಳಿ ಕಡೆಯ ರೂಮು ನಕ್ಷೆಯಲ್ಲಿ ಪ್ಲಾಟ್‌ಫಾರಂಗೆ ಅಂಟಿಕೊಂಡಂತೆ ಕಾಣಬಹುದು. ಆದರೆ ಆಟೊ ಬರಬೇಕಾದ್ದು ಅಂಡರ್‌ಪಾಸ್ ಸುತ್ತಿ. ಜೋರು ಮಳೆಗೆ ಅಂಡರ್‌ಪಾಸಿನಲ್ಲಿ ನೀರು ನಿಂತರೆ ಆ ಸುತ್ತು ಇನ್ನೂ ದೊಡ್ಡದಾಗುತ್ತದೆ. ನಕ್ಷೆಯಲ್ಲಿ ನಡೆಯುವ ದಾರಿಯನ್ನು ಹಾಕಿ ನೋಡಿ. ಟ್ರಾಲಿ ಸೂಟ್‌ಕೇಸ್ ಎಳೆದುಕೊಂಡು ಕಿತ್ತ ಫುಟ್‌ಪಾತ್ ಮೇಲೆ ಒಂದು ಕಿಲೋಮೀಟರಿಗೆ ಕಾಲು ಗಂಟೆ ಹಿಡಿಯಿರಿ. ಅದಕ್ಕಿಂತ ಹೆಚ್ಚಾದರೆ ಅದು ಆಟೊ ದೂರವೇ. ಆಟೊ ಹತ್ತಿದ ಮೇಲೆ ಒಂದು ಕಿಲೋಮೀಟರೂ ಎರಡೂವರೆ ಕಿಲೋಮೀಟರೂ ಹೆಚ್ಚುಕಡಿಮೆ ಒಂದೇ ಖರ್ಚು. ಹಾಗಾಗಿ ನಡೆಯುವ ದೂರದಲ್ಲಿ ಒಳ್ಳೆಯದು ಸಿಗದಿದ್ದರೆ ಅರ್ಧಂಬರ್ಧ ದೂರದ್ದಕ್ಕೆ ಒಪ್ಪಿಕೊಳ್ಳುವ ಅಗತ್ಯವಿಲ್ಲ, ಊರಿಡೀ ಹುಡುಕಬಹುದು.

ಇನ್ನು ದಿನಾಂಕ. ತುಮಕೂರಿನಂಥ ಊರಿನಲ್ಲಿ ರೂಮು ಬುಕ್ ಮಾಡುವ ಮುನ್ನ ರೈಲಿನ ವೇಳಾಪಟ್ಟಿಗಿಂತ ಮೊದಲು ನೋಡಬೇಕಾದ್ದು ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನ ಪಂಚಾಂಗ. ತಮಾಷೆಯಲ್ಲ. ಇಲ್ಲಿನ "ಬಿಸಿನೆಸ್ ಹೋಟೆಲ್"ಗಳು ಕಂಪನಿ ಗಿರಾಕಿಗಳನ್ನು ನಂಬಿ ಕಟ್ಟಿದವು ಎಂದು ಫಲಕ ಹೇಳುತ್ತದೆ; ಅನೇಕ ಕಡೆ ದುಡ್ಡು ಬರುವುದು ಮದುವೆಯಿಂದ. ಮೊದಲ ಮಹಡಿಯಲ್ಲೋ ಮೇಲ್ಛಾವಣಿಯಲ್ಲೋ ಪಾರ್ಟಿ ಹಾಲ್ ಇರುತ್ತದೆ, ಇಲ್ಲವೇ ಪಕ್ಕದಲ್ಲೇ ಕಲ್ಯಾಣ ಮಂಟಪ. ನಮ್ಮ ಕಡೆ ಆರತಕ್ಷತೆ ಮುಹೂರ್ತದ ಹಿಂದಿನ ಸಂಜೆಯೇ ನಡೆಯುತ್ತದೆ. ಭಾನುವಾರ ಮುಹೂರ್ತವಿದ್ದರೆ ಶನಿವಾರ ಮಧ್ಯಾಹ್ನದಿಂದ ಹದಿನೈದು ಇಪ್ಪತ್ತು ರೂಮು ಗಂಡಿನ ಕಡೆಯವರ ಹೆಸರಿನಲ್ಲಿರುತ್ತವೆ. ಅವರು ಖಾಲಿ ಮಾಡುವುದು ಭಾನುವಾರ ಊಟ ಮುಗಿದ ಮೇಲೆ, ಮೂರು ನಾಲ್ಕು ಗಂಟೆಗೆ. ಸೋಮವಾರ ಬೆಳಿಗ್ಗೆ ಕೆಲಸವಿರುವ ಮನುಷ್ಯ ಬಂದಿಳಿಯುವುದು ಭಾನುವಾರ ಸಂಜೆ. ಅಂದರೆ ಇಡೀ ವಾರದಲ್ಲಿ ಹೌಸ್‌ಕೀಪಿಂಗಿನವರು ಅತ್ಯಂತ ಸುಸ್ತಾಗಿರುವ, ಒಗೆದ ಶೀಟು ಅತ್ಯಂತ ಕಡಿಮೆ ಇರುವ ಹೊತ್ತಿಗೆ. ಒಣಗದ ಟವೆಲ್ಲು, ಮಂಚದ ಕೆಳಗೆ ಹೂವಿನ ಎಸಳು, ಬಾತ್‌ರೂಮಿನಲ್ಲಿ ಅರಿಶಿನದ ಕಲೆ ಕಂಡರೆ ಕಾರಣ ಇದು.

ಆಷಾಢ, ಧನುರ್ಮಾಸ, ಪಿತೃಪಕ್ಷ ಮತ್ತು ಅಧಿಕ ಮಾಸ ಬಂದ ವರ್ಷ ಆ ತಿಂಗಳು, ಇಷ್ಟರಲ್ಲಿ ಮದುವೆಗಳಿಲ್ಲ. ಆಗ ರೂಮೂ ಸಿಗುತ್ತದೆ, ದರವೂ ಇಳಿಯುತ್ತದೆ, ಕೇಳಿದರೆ ಇನ್ನೂ ಇಳಿಯುತ್ತದೆ. ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠದ ಒಳ್ಳೆಯ ಲಗ್ನದ ಭಾನುವಾರಗಳಲ್ಲಿ ಚೌಕಾಶಿಗೆ ಜಾಗವಿಲ್ಲ. ಇದರ ಮೇಲೆ ಊರಿನದೇ ದಿನಗಳಿವೆ: ಶಿವರಾತ್ರಿ ಹೊತ್ತಿನ ಸಿದ್ಧಗಂಗಾ ಜಾತ್ರೆ, ಏಪ್ರಿಲ್ 1ರ ಶಿವಕುಮಾರ ಸ್ವಾಮೀಜಿ ಜಯಂತಿ, ಜನವರಿ 21ರ ಪುಣ್ಯಸ್ಮರಣೆ. ಈ ದಿನಗಳಲ್ಲಿ ಕ್ಯಾತ್ಸಂದ್ರದಿಂದ ಸ್ಟೇಷನ್‌ವರೆಗೆ ಲಾಡ್ಜುಗಳು ತುಂಬಿರುತ್ತವೆ. ಸರ್ಕಾರಿ ನೇಮಕಾತಿ ಪರೀಕ್ಷೆಗಳಿಗೆ ಇಲ್ಲಿ ಕೇಂದ್ರವಿದ್ದರೆ ಹಿಂದಿನ ರಾತ್ರಿ ಕಡಿಮೆ ದರದ ರೂಮುಗಳು ಮೊದಲು ಮುಗಿಯುತ್ತವೆ.

ಮದುವೆಯ ಸದ್ದಿನ ಬಗ್ಗೆ ಒಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಎಂಬುದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಆದರೆ ಅದೇ ನಿಯಮ ಮುಚ್ಚಿದ ಸಭಾಂಗಣ, ಬ್ಯಾಂಕ್ವೆಟ್ ಹಾಲ್‌ಗಳನ್ನು ಹೊರಗಿಟ್ಟಿದೆ. ಆದ್ದರಿಂದ "ಹತ್ತು ಗಂಟೆಗೆ ನಿಂತುಹೋಗುತ್ತೆ ಬಿಡಿ ಸಾರ್" ಎಂಬ ರಿಸೆಪ್ಷನ್ ಮಾತು ತೆರೆದ ಶಾಮಿಯಾನಕ್ಕೆ ಸರಿ, ಒಳಗಿನ ಹಾಲಿಗೆ ಖಾತರಿಯಿಲ್ಲ. ಡಿಜೆಯ ದಪ್ಪ ಸದ್ದು ಗಾಳಿಯಲ್ಲಿ ಬರುವುದಕ್ಕಿಂತ ಹೆಚ್ಚಾಗಿ ಸಿಮೆಂಟಿನ ಸ್ಲ್ಯಾಬು, ಕಂಬಗಳ ಮೂಲಕ ಬರುತ್ತದೆ. ಕಿಟಕಿ ಎಷ್ಟೇ ಗಟ್ಟಿಯಿದ್ದರೂ ಅದು ನಿಲ್ಲುವುದಿಲ್ಲ. ಹಾಲ್ ಇರುವ ಮಹಡಿಯ ನೇರ ಮೇಲಿನ ಮತ್ತು ನೇರ ಕೆಳಗಿನ ರೂಮುಗಳನ್ನು ಬಿಟ್ಟು ಕನಿಷ್ಠ ಎರಡು ಮಹಡಿ ಅಂತರ ಕೇಳುವುದೊಂದೇ ದಾರಿ.

ರೈಲಿನ ಸದ್ದಿನ ಕಥೆ ಬೇರೆ. ಅದು ಗಾಳಿಯಲ್ಲೇ ಬರುತ್ತದೆ, ಹಾಗಾಗಿ ಅದಕ್ಕೆ ಉಪಾಯವಿದೆ. ನಿದ್ದೆ ಕೆಡಿಸುವುದು ಗಾಡಿಯ ಓಡಾಟವಲ್ಲ; ಎಂಜಿನ್ ಹಾರ್ನು ಮತ್ತು ಮೂರು ಭಾಷೆಯಲ್ಲಿ ಬರುವ ಪ್ಲಾಟ್‌ಫಾರಂ ಘೋಷಣೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ ಗೂಡ್ಸ್ ಗಾಡಿಗಳು ರಾತ್ರಿಯಿಡೀ ಓಡುತ್ತವೆ, ಅವಕ್ಕೆ ಪ್ರಯಾಣಿಕರ ವೇಳಾಪಟ್ಟಿ ಎಂಬುದಿಲ್ಲ. ಹಾರ್ನಿನಂಥ ಒಂದೇ ಬಿಂದುವಿನ ಸದ್ದು ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಆರು ಡೆಸಿಬೆಲ್ ಇಳಿಯುತ್ತದೆ. 50 ಮೀಟರಿನಿಂದ 200 ಮೀಟರಿಗೆ ಹೋದರೆ ಸಿಗುವ ಲಾಭ ಹನ್ನೆರಡು ಡೆಸಿಬೆಲ್. ಅದೇ ಹೋಟೆಲಿನಲ್ಲಿ ಹಳಿ ಕಡೆಗೆ ಮುಖ ಮಾಡಿದ ರೂಮು ಬಿಟ್ಟು ಹಿಂಬದಿಯ ರೂಮು ತೆಗೆದುಕೊಂಡರೆ ಕಟ್ಟಡವೇ ಅಡ್ಡ ನಿಂತು ಹೆಚ್ಚುಕಡಿಮೆ ಅಷ್ಟೇ ಲಾಭ ಕೊಡುತ್ತದೆ, ಕಾಸು ಖರ್ಚಿಲ್ಲದೆ. ಸ್ಟೇಷನ್‌ನಿಂದ ದೂರ ಓಡುವುದಕ್ಕಿಂತ ಸರಿಯಾದ ಪಕ್ಕದ ರೂಮು ಕೇಳುವುದು ಮುಖ್ಯ ಎನ್ನುವುದು ಇದಕ್ಕೇ.

ಕಿಟಕಿಯ ವಿಷಯದಲ್ಲಿ ಮೋಸ ಹೋಗುವುದು ಗಾಜು ನೋಡಿ. ಗಾಜು ದಪ್ಪವಿದ್ದೂ ಸದ್ದು ಬರುತ್ತಿದ್ದರೆ ತಪ್ಪು ಗಾಜಿನದಲ್ಲ, ಸಂದಿನದು. ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯ ಎರಡು ಬಾಗಿಲು ಒಂದರ ಮೇಲೊಂದು ಬರುವ ಕಡೆ ಕೂದಲಿನಂಥ ಬ್ರಷ್ ಪಟ್ಟಿ ಇರುತ್ತದೆ. ಎರಡು ಮೂರು ವರ್ಷಕ್ಕೆ ಅದು ಸವೆದು ಉದುರುತ್ತದೆ, ಯಾರೂ ಬದಲಿಸುವುದಿಲ್ಲ. ಕಿಟಕಿ ಮುಚ್ಚಿ ಚಿಲಕ ಹಾಕಿ ಆ ಜಾಗದಲ್ಲಿ ಅಂಗೈ ಹಿಡಿಯಿರಿ. ಗಾಳಿ ತಾಗಿದರೆ ಸದ್ದೂ ಬರುತ್ತದೆ, ಸೊಳ್ಳೆಯೂ ಬರುತ್ತದೆ. ಬಾಗಿಲಿನಂತೆ ತೆರೆದು ರಬ್ಬರಿಗೆ ಒತ್ತಿಕೊಳ್ಳುವ ಕಿಟಕಿ, ಸಾಮಾನ್ಯವಾಗಿ ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು, ಇದ್ದರೆ ಆ ಹೋಟೆಲ್ ಕಟ್ಟಿದವನಿಗೆ ಮಲಗುವವರ ನೆನಪಿತ್ತು ಎಂದರ್ಥ. ಜನರೇಟರ್ ಎಲ್ಲಿದೆ ಎಂಬುದನ್ನೂ ವಿಚಾರಿಸಿ. ಮುಚ್ಚಿದ ಪೆಟ್ಟಿಗೆಯ ಜನರೇಟರಿಗೂ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್‌ವರೆಗೆ ನಿಯಮದ ಅವಕಾಶವಿದೆ. ಹಿಂಬದಿಯ ಶಾಂತ ರೂಮು ಎಂದು ಹಿಡಿದದ್ದು ಅದರ ನೆತ್ತಿಯ ಮೇಲಿದ್ದರೆ ಹಳಿ ಕಡೆಯದೇ ವಾಸಿ. ಅಡುಗೆಮನೆಯ ಹೊಗೆಕೊಳವೆ, ಲಿಫ್ಟಿನ ಗೋಡೆ ಇವೂ ಹಿಂಬದಿಯ ಶತ್ರುಗಳು.

ಕರೆಂಟಿನ ಮಾತು ಬಂದಾಗ ಒಂದು ವಿಚಿತ್ರ ನೆನಪಾಗದೆ ಇರದು: ಇದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕಿದೆ, ಜಿಲ್ಲಾ ಕೇಂದ್ರದ ಹೋಟೆಲಿನಲ್ಲಿ ಮಾತ್ರ ಜನರೇಟರ್ ಇದೆಯೇ ಎಂದು ವಿಚಾರಿಸಬೇಕು. "ಪವರ್ ಬ್ಯಾಕಪ್ ಇದೆಯಾ" ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ಕೇಳಬೇಕಾದ್ದು ಬೇರೆ: "ಕರೆಂಟ್ ಹೋದರೆ ರೂಮಿನ ಎ.ಸಿ. ನಡೆಯುತ್ತಾ, ಗೀಸರ್ ನಡೆಯುತ್ತಾ, ಲಿಫ್ಟ್ ನಡೆಯುತ್ತಾ?" ಅನೇಕ ಕಡೆ ಜನರೇಟರ್ ಮೇಲೆ ಇರುವುದು ದೀಪ, ಫ್ಯಾನು, ಲಿಫ್ಟು ಮಾತ್ರ. ನವೆಂಬರಿನಿಂದ ಜನವರಿವರೆಗೆ ತುಮಕೂರಿನ ಹವೆಗೆ ಫ್ಯಾನೇ ಹೆಚ್ಚು, ಆಗ ನಾನ್-ಎ.ಸಿ. ರೂಮು ಹಿಡಿದು ದುಡ್ಡು ಉಳಿಸಬಹುದು. ಮಾರ್ಚ್–ಮೇ ಹಾಗಲ್ಲ; ಬಿಸಿಲಿಗೆ ಕಾದ ಮೇಲಿನ ಮಹಡಿಯ ರೂಮು ರಾತ್ರಿ ಹನ್ನೊಂದಾದರೂ ಆರುವುದಿಲ್ಲ. ಹಾಗಾಗಿ ಬೇಸಗೆಯಲ್ಲಿ ಕೊನೆಯ ಮಹಡಿ ಬೇಡ.

ಇನ್ನೊಂದು ಸೂಕ್ಷ್ಮ. ಕರೆಂಟು ಹೋಗಿ ಜನರೇಟರ್ ಹಿಡಿಯಲು ಹತ್ತು ಹದಿನೈದು ಸೆಕೆಂಡು. ದೀಪಕ್ಕೆ ಅದು ಲೆಕ್ಕವಲ್ಲ, ವೈ-ಫೈ ರೂಟರಿಗೆ ಲೆಕ್ಕ. ರೂಟರ್ ಯುಪಿಎಸ್ ಮೇಲೆ ಇಲ್ಲದಿದ್ದರೆ ಅದು ಮತ್ತೆ ಎದ್ದು ನೆಟ್ ಹಿಡಿಯಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ನಿಮ್ಮ ಮೀಟಿಂಗಿನಲ್ಲಿ ಇನ್ನೊಬ್ಬರು ಮಾತು ಮುಗಿಸಿರುತ್ತಾರೆ. ವಿಡಿಯೊ ಕಾಲ್‌ಗೆ ಮೂರ್ನಾಲ್ಕು ಎಂಬಿಪಿಎಸ್ ಸಾಕು, ಆದರೆ ಅದು ಅಪ್‌ಲೋಡಿನಲ್ಲೂ ಇರಬೇಕು. ವೇಗ ಅಳೆಯುವುದು ಲಾಬಿಯಲ್ಲಲ್ಲ, ಮೇಜಿನ ಹತ್ತಿರ ಕೂತು, ಬಾಗಿಲು ಮುಚ್ಚಿ. ರೂಟರುಗಳು ಕಾರಿಡಾರಿನ ಸೀಲಿಂಗಿನಲ್ಲಿರುತ್ತವೆ. ಬಾತ್‌ರೂಮಿನ ಟೈಲ್ಸ್ ಗೋಡೆ ನಡುವೆ ಬಂದ ರೂಮಿಗೆ 5 ಗಿಗಾಹರ್ಟ್ಸ್ ಸಿಗ್ನಲ್ ತಲುಪುವ ಹೊತ್ತಿಗೆ ಸೊರಗಿರುತ್ತದೆ. ಕಾರಿಡಾರಿನ ತುದಿಯ ರೂಮಿಗಿಂತ ನಡುವಿನದು ಇದಕ್ಕೆ ಉತ್ತಮ. ಕೀ-ಕಾರ್ಡ್ ತೆಗೆದರೆ ಪ್ಲಗ್ಗೂ ಸತ್ತುಹೋಗುವ ರೂಮುಗಳಲ್ಲಿ ಲ್ಯಾಪ್‌ಟಾಪ್ ಚಾರ್ಜಿಗಿಟ್ಟು ಊಟಕ್ಕೆ ಹೋಗಿ ಬಂದರೆ ಬ್ಯಾಟರಿ ಇದ್ದಲ್ಲೇ ಇರುತ್ತದೆ. ಇನ್ನೊಂದು ಕಾರ್ಡ್ ಕೇಳಿ ಪಡೆಯಿರಿ. ಮೇಜು ಎಂದು ಆ್ಯಪ್ ತೋರಿಸುವುದು ಎಷ್ಟೋ ಸಲ ಟಿ.ವಿ. ಕೆಳಗಿನ ಒಂದಡಿ ಅಗಲದ ಹಲಗೆ. ಕಾಲು ಒಳಗೆ ಹೋಗುವ ಮೇಜೇ ಎಂದು ಬಾಯಿಬಿಟ್ಟು ಕೇಳಬೇಕು.

ಬಿಸಿನೀರಿಗೆ ಬರೋಣ. ಬೆಳಗಿನ ಗಾಡಿಯವರ ದಿನ ಕೆಡುವುದು ಇಲ್ಲೇ. "24 ಗಂಟೆ ಬಿಸಿನೀರು" ಎಂಬ ಬೋರ್ಡಿನ ಹಿಂದೆ ಮೂರು ಬೇರೆ ಬೇರೆ ವ್ಯವಸ್ಥೆ ಇರಬಹುದು. ಒಂದು, ರೂಮಿಗೊಂದು 15 ಲೀಟರ್ ಗೀಸರ್. ಚಳಿಗಾಲದಲ್ಲಿ 20 ಡಿಗ್ರಿಯ ನಲ್ಲಿ ನೀರನ್ನು 2 ಕಿಲೋವಾಟ್ ಕಾಯಿಲು 60 ಡಿಗ್ರಿಗೆ ತರಲು ಇಪ್ಪತ್ತು ನಿಮಿಷ ಬೇಕು. ಅದಕ್ಕೆ ತಣ್ಣೀರು ಬೆರೆಸಿ ಮೈಗೆ ಹಿತವಾದ 40 ಡಿಗ್ರಿ ಮಾಡಿದರೆ ಒಟ್ಟು 30 ಲೀಟರ್, ಅಂದರೆ ಒಂದೂವರೆ ಬಕೆಟ್. ಒಬ್ಬರಿಗೆ ಧಾರಾಳ. ಶವರ್ ಕೆಳಗೆ ನಿಂತರೆ ಮೂರ್ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ. ಇಬ್ಬರಿರುವ ರೂಮಾದರೆ ನಡುವೆ ಇಪ್ಪತ್ತು ನಿಮಿಷ ಬಿಡಬೇಕು, ಅಥವಾ 25 ಲೀಟರಿನದು ಇರಬೇಕು. ಎರಡನೆಯದು 3 ಲೀಟರಿನ ಪುಟ್ಟ ಇನ್‌ಸ್ಟಂಟ್ ಗೀಸರ್. ಹೆಸರಿಗೆ ತಕ್ಷಣ, ಆದರೆ 3 ಕಿಲೋವಾಟ್ ಶಕ್ತಿ 20 ಡಿಗ್ರಿ ಏರಿಸಿ ಕೊಡಬಲ್ಲದ್ದು ನಿಮಿಷಕ್ಕೆ ಎರಡು ಲೀಟರ್ ಚಿಲ್ಲರೆ. ಬಕೆಟ್ ತುಂಬಲು ಹತ್ತು ನಿಮಿಷ ಸಣ್ಣ ಧಾರೆಯಲ್ಲಿ ಬಿಡಬೇಕು. ಆತುರಕ್ಕೆ ನಲ್ಲಿ ಪೂರ್ತಿ ತಿರುಗಿಸಿದವರು ಗೀಸರ್ ಕೆಟ್ಟಿದೆ ಎಂದು ರಿಸೆಪ್ಷನ್‌ಗೆ ಫೋನ್ ಮಾಡುತ್ತಾರೆ. ಕೆಟ್ಟಿರುವುದಿಲ್ಲ.

ಮೂರನೆಯದು ಮೇಲ್ಛಾವಣಿಯ ಸೋಲಾರು. ತುಮಕೂರಿನ ಬಿಸಿಲಿಗೆ ವರ್ಷದ ಬಹುಪಾಲು ಚೆನ್ನಾಗಿಯೇ ನಡೆಯುತ್ತದೆ. ಆದರೆ ಪೈಪಿನಲ್ಲಿ ರಾತ್ರಿ ನಿಂತು ತಣ್ಣಗಾದ ನೀರು ಮೊದಲು ಹರಿದು ಹೋಗಬೇಕು. ಮುಕ್ಕಾಲು ಅಂಗುಲದ ಪೈಪು ಇಪ್ಪತ್ತು ಮೀಟರ್ ಇಳಿದು ಬಂದರೆ ಅದರಲ್ಲೇ ಐದಾರು ಲೀಟರ್ ಇರುತ್ತದೆ. ಕೆಳಗಿನ ಮಹಡಿಯವರು ಬಿಸಿನೀರು ಬರಲಿಲ್ಲ ಎಂದು ಅರ್ಧದಲ್ಲೇ ನಲ್ಲಿ ಮುಚ್ಚುವುದು ಇದರಿಂದ. ಅರ್ಧ ಬಕೆಟ್‌ವರೆಗೆ ತಾಳಿ ನೋಡಬೇಕು. ಜೂನ್–ಆಗಸ್ಟಿನ ಮೋಡದ ದಿನಗಳಲ್ಲಿ, ಮದುವೆಯವರು ಮುಹೂರ್ತಕ್ಕೆ ಮುಂಚೆ ನಾಲ್ಕು ಗಂಟೆಗೇ ಎದ್ದು ಟ್ಯಾಂಕು ಬರಿದು ಮಾಡಿದ ದಿನಗಳಲ್ಲಿ, ಸೋಲಾರಿನ ಜೊತೆ ಕರೆಂಟಿನ ಹೀಟರ್ ಇಲ್ಲದ ಕಡೆ ತಣ್ಣೀರೇ ಗತಿ. ಅನೇಕ ಕಡೆ ಬಿಸಿನೀರು ಬೆಳಿಗ್ಗೆ ಆರರಿಂದ ಒಂಬತ್ತು ಮಾತ್ರ. ಐದೂವರೆಗೆ ರೂಮು ಬಿಡಬೇಕಾದವರು ರೂಮಿನಲ್ಲೇ ಸ್ವಂತ ಗೀಸರ್ ಇರುವ ಜಾಗವನ್ನೇ ಹಿಡಿಯಬೇಕು.

ನೀರಿನ ಗುಣವೂ ಒಂದು ವಿಷಯ. ಊರಿಗೆ ಬುಗುಡನಹಳ್ಳಿ ಕೆರೆಗೆ ಬರುವ ಹೇಮಾವತಿ ನೀರು ಸರಬರಾಜಾದರೂ ಹೋಟೆಲಿನ ಸಂಪಿಗೆ ಬೋರ್‌ವೆಲ್ಲು, ಟ್ಯಾಂಕರು ಸೇರಿರುತ್ತದೆ. ಶವರಿನ ತೂತುಗಳ ಸುತ್ತ ಬಿಳಿ ಉಪ್ಪು ಕಟ್ಟಿದ್ದರೆ ನೀರು ಗಡಸು. ಸೋಪು ನೊರೆ ಬರುವುದಿಲ್ಲ, ಗೀಸರಿನ ಕಾಯಿಲಿಗೂ ಅದೇ ಪದರ ಹಿಡಿದು ಕಾಯುವುದು ನಿಧಾನವಾಗಿರುತ್ತದೆ. ಮೇಲೆ ಹೇಳಿದ ಇಪ್ಪತ್ತು ನಿಮಿಷ ಅಂಥ ಕಡೆ ಅರ್ಧ ಗಂಟೆ.

ಬಿಲ್ಲಿನ ವಿಷಯ ಒಣ, ಆದರೆ ದುಡ್ಡು ಕಂಪನಿಯದಾದರೆ ತಲೆನೋವು ನಿಮ್ಮದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅದರ ಮೇಲೆ ಶೇ 18. ತುಮಕೂರಿನ ರೂಮುಗಳು ಸಾಮಾನ್ಯವಾಗಿ ಮೊದಲ ಲೆಕ್ಕದಲ್ಲೇ ಬರುತ್ತವೆ: 2,400 ರೂಪಾಯಿ ರೂಮಿಗೆ 120 ಸೇರಿ 2,520. ಹಳೆಯ ಶೇ 12 ಹಾಕಿದ ಬಿಲ್ಲು ಬಂದರೆ ಅಲ್ಲೇ ತಿದ್ದಿಸಿ. ಕಂಪನಿಯ ಜಿಎಸ್‌ಟಿ ನಂಬರು, ಪೂರ್ತಿ ಹೆಸರು, ವಿಳಾಸವನ್ನು ಚೆಕ್-ಇನ್ ಹೊತ್ತಿಗೇ ಬರೆದು ಕೊಡಬೇಕು. ಹೊರಡುವಾಗ ಕೊಟ್ಟರೆ ಅಷ್ಟರಲ್ಲಿ ಬಿಲ್ಲು ನಿಮ್ಮ ಹೆಸರಿಗೆ ಆಗಿಬಿಟ್ಟಿರುತ್ತದೆ, ಗಾಡಿಗೆ ಹೊತ್ತೂ ಆಗಿರುತ್ತದೆ. ಇನ್ನೊಂದು ಜಗಳ ಪದೇ ಪದೇ ನಡೆಯುತ್ತದೆ: ಚೆನ್ನೈಯಲ್ಲೋ ಪುಣೆಯಲ್ಲೋ ನೋಂದಣಿಯಾದ ಕಂಪನಿಯವರು ರಾಜ್ಯ-ರಾಜ್ಯಗಳ ನಡುವಿನ ವ್ಯವಹಾರಕ್ಕೆ ಹಾಕುವ ಐಜಿಎಸ್‌ಟಿ ಬಿಲ್ಲು ಕೊಡಿ ಎಂದು ರಿಸೆಪ್ಷನ್ ಹುಡುಗನ ಮೇಲೆ ರೇಗುವುದು. ವಸತಿಗೆ ತೆರಿಗೆಯ ಜಾಗ ಹೋಟೆಲ್ ಇರುವ ರಾಜ್ಯ. ಕೇಂದ್ರದ ಪಾಲಿನ ಸಿಜಿಎಸ್‌ಟಿ, ಕರ್ನಾಟಕದ ಪಾಲಿನ ಎಸ್‌ಜಿಎಸ್‌ಟಿಯೇ ಬರುತ್ತದೆ, ಬೇರೆ ರಾಜ್ಯದ ಕಂಪನಿಗೆ ಅದರ ಕ್ರೆಡಿಟ್, ಅಂದರೆ ಕಟ್ಟಿದ್ದನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಹುಡುಗನದೇನೂ ತಪ್ಪಿಲ್ಲ. ಆ್ಯಪಿನಲ್ಲಿ ಮುಂಗಡ ಕಟ್ಟಿದ್ದರೆ ಹೋಟೆಲಿನವರೇ ತೆರಿಗೆ ಬಿಲ್ಲು ಕೊಡುತ್ತಾರೋ ಇಲ್ಲವೋ ಎಂಬುದನ್ನು ಬುಕ್ ಮಾಡುವ ಮುಂಚೆ ಕೇಳಿ. ಎಷ್ಟೋ ಅಕೌಂಟ್ಸ್ ವಿಭಾಗಗಳು ಆ್ಯಪಿನ ರಸೀದಿಯನ್ನು ಒಪ್ಪುವುದಿಲ್ಲ. ಊಟದ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿದ್ದರೆ ಕಡ್ಡಾಯವಲ್ಲ, ತೆಗೆಸಬಹುದು.

ಇಷ್ಟೂ ಗೊತ್ತಿದ್ದರೆ ಫೋನ್ ಚುಟುಕಾಗಿ ಮುಗಿಯುತ್ತದೆ. ಆ್ಯಪಿನಲ್ಲಿ ದರ ನೋಡಿ ನೇರ ಹೋಟೆಲಿಗೇ ಮಾಡಿ. ಸಂಜೆ ಏಳರ ಗಡಿಬಿಡಿಯಲ್ಲಲ್ಲ, ಮಧ್ಯಾಹ್ನ ಎರಡು ಮೂರರ ನಡುವೆ, ಮ್ಯಾನೇಜರ್ ಸಿಗುವ ಹೊತ್ತಿಗೆ.

"ಅಣ್ಣ, ಭಾನುವಾರ ರಾತ್ರಿಗೆ ಒಂದು ಸಿಂಗಲ್ ಬೇಕಿತ್ತು. ಅವತ್ತು ನಿಮ್ಮ ಹಾಲ್‌ನಲ್ಲಿ ಫಂಕ್ಷನ್ ಏನಾದ್ರೂ ಇದೆಯಾ?"

"ಬೆಳಿಗ್ಗೆ ಮದುವೆ ಇದೆ ಸಾರ್, ಸಂಜೆಗೆ ಫ್ರೀ."

"ಹಾಗಾದ್ರೆ ಮದುವೆಯವರು ಇಲ್ಲದ ರೂಮು ಕೊಡಿ. ರೈಲ್ವೆ ಲೈನ್ ಕಡೆ ಬೇಡ, ಹಾಲ್ ಮೇಲಿಂದೂ ಬೇಡ. ರೂಮಲ್ಲೇ ಗೀಸರ್ ಇದೆ ತಾನೆ? ಚೆಕ್-ಔಟ್ ಹನ್ನೆರಡಕ್ಕಾ, ಇಪ್ಪತ್ತನಾಲ್ಕು ಗಂಟೇನಾ?"

ಕೊನೆಯ ಪ್ರಶ್ನೆ ಸಣ್ಣದಲ್ಲ. ಇಪ್ಪತ್ತನಾಲ್ಕು ಗಂಟೆ ಲೆಕ್ಕದ ಹೋಟೆಲಿನಲ್ಲಿ ರಾತ್ರಿ ಎಂಟಕ್ಕೆ ಬಂದವರು ಮಾರನೇ ರಾತ್ರಿ ಎಂಟರವರೆಗೆ ಇರಬಹುದು. ಕಾರ್ಖಾನೆಯಿಂದ ವಾಪಸ್ ಬಂದು ಸ್ನಾನ ಮಾಡಿ ಗಾಡಿ ಹತ್ತಬಹುದು. ಹನ್ನೆರಡರ ಲೆಕ್ಕದ ಕಡೆ ಬೆಳಗಿನ ಜಾವ ನಾಲ್ಕಕ್ಕೆ ಬಂದಿಳಿದವರಿಗೆ ಬರೀ ಎಂಟು ತಾಸು ಉಳಿದದ್ದಕ್ಕೆ ಒಂದು ಪೂರ್ತಿ ದಿನದ ಬಾಡಿಗೆ. ಗಾಡಿ ತಡವಾಗಬಹುದು ಎನಿಸಿದರೆ ಗಾಡಿ ನಂಬರನ್ನೇ ಹೇಳಿಬಿಡಿ. ದೂರದಿಂದ ಬರುವ ಗಾಡಿಗಳು ಎರಡು ಗಂಟೆ ತಡವಾಗುವುದು ಇಲ್ಲಿ ಯಾರಿಗೂ ಹೊಸತಲ್ಲ, ನಂಬರ್ ಇದ್ದರೆ ರಾತ್ರಿ ಪಾಳಿಯವನು ಬಾಗಿಲ ಬಳಿ ಎದ್ದಿರುತ್ತಾನೆ. ಜೊತೆಯಲ್ಲಿ ವಿದೇಶಿ ಅತಿಥಿ ಇದ್ದರೆ ಅದನ್ನು ಮೊದಲೇ ತಿಳಿಸಬೇಕು. ಅವರ ಪಾಸ್‌ಪೋರ್ಟ್, ವೀಸಾ ವಿವರವನ್ನು ಹೋಟೆಲಿನವರು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಕಳಿಸಬೇಕು, ಸಿ-ಫಾರಂ ಎನ್ನುವುದು ಅದನ್ನೇ. ಆ ರಗಳೆ ಬೇಡವೆಂದು ಬಾಗಿಲಲ್ಲೇ ವಾಪಸ್ ಕಳಿಸುವ ಲಾಡ್ಜುಗಳಿವೆ. ನಿಮ್ಮ ಗುರುತಿಗೆ ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ, ಅಥವಾ ಡ್ರೈವಿಂಗ್ ಲೈಸೆನ್ಸ್. ವಿಳಾಸ ಇಲ್ಲದ ಪ್ಯಾನ್ ಕಾರ್ಡನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ತಿಂಡಿ ಸೇರಿದ ದರವನ್ನು ನಾನಂತೂ ಶಿಫಾರಸು ಮಾಡುವುದಿಲ್ಲ. ಬಫೆ ಶುರುವಾಗುವುದು ಏಳೂವರೆ ಎಂಟಕ್ಕೆ, ಅಷ್ಟೊತ್ತಿಗೆ ಕೆಲಸದವರು ಹೊರಟಿರಬೇಕು. ತಟ್ಟೆ ಇಡ್ಲಿಗೆ ಹೆಸರಾದ ಕ್ಯಾತ್ಸಂದ್ರ ಊರಂಚಿನಲ್ಲೇ ಇರುವಾಗ ಸ್ಟೀಲ್ ಪಾತ್ರೆಯಲ್ಲಿ ಬೆವರಿದ ಉಪ್ಪಿಟ್ಟಿಗೆ ಮುನ್ನೂರು ರೂಪಾಯಿ ಯಾಕೆ?

ರೂಮಿಗೆ ಕಾಲಿಟ್ಟ ಮೇಲೆ ಬ್ಯಾಗನ್ನು ಹಾಸಿಗೆ ಮೇಲೆ ಹಾಕಬೇಡಿ. ಬಾತ್‌ರೂಮಿನ ಒಣ ನೆಲದ ಮೇಲಿಟ್ಟು ಮೊಬೈಲ್ ಟಾರ್ಚ್ ಹಾಕಿ ಹಾಸಿಗೆಯ ಮೂಲೆಯ ಹೊಲಿಗೆ, ತಲೆಕಡೆಯ ಹಲಗೆಯ ಸಂದು ನೋಡಿ. ಪೆನ್ನಿನ ಮೊನೆಯಿಂದ ಇಟ್ಟಂಥ ಕಪ್ಪು ಚುಕ್ಕಿಗಳ ಸಾಲಿದ್ದರೆ ತಿಗಣೆ. ಸ್ಟೇಷನ್ ಪಕ್ಕದ ರೂಮುಗಳಿಗೆ ಅವು ಬರುವುದು ಕೊಳಕಿನಿಂದಲ್ಲ, ದಿನಕ್ಕೊಂದು ಊರಿನ ಲಗೇಜಿನ ಜೊತೆ. ಹೊಚ್ಚ ಹೊಸ ಹೋಟೆಲಿಗೂ ಬರುತ್ತವೆ. ಅದೇ ಮಹಡಿಯ ಪಕ್ಕದ ರೂಮಿಗೆ ಬದಲಾಯಿಸಿಕೊಂಡರೆ ಪ್ರಯೋಜನವಿಲ್ಲ, ಬೇರೆ ಮಹಡಿ ಕೇಳಿ. ಬಾತ್‌ರೂಮಿನಿಂದ ಚರಂಡಿ ವಾಸನೆ ಬಂದರೆ ಮಾತ್ರ ರೂಮು ಬದಲಿಸುವ ಆತುರ ಬೇಡ. ಕೆಲವು ದಿನ ಯಾರೂ ಇಲ್ಲದ ರೂಮಿನಲ್ಲಿ ನೆಲದ ಜಾಲರಿ ಕೆಳಗಿನ ಬಾಗಿದ ಪೈಪಿನ ನೀರು ಆರಿರುತ್ತದೆ. ವಾಸನೆ ತಡೆಯುವುದು ಆ ನೀರೇ. ಎರಡು ಮಗ್ ನೀರು ಜಾಲರಿಗೆ ಸುರಿದು, ಎಕ್ಸಾಸ್ಟ್ ಹಾಕಿ ಹತ್ತು ನಿಮಿಷ ಬಿಡಿ. ಹೋದರೆ ಸರಿ. ಹೋಗದಿದ್ದರೆ ಪೈಪೇ ಸರಿಯಿಲ್ಲ, ಆಗ ಬದಲಿಸಿ.

ಮಲಗುವ ಮುಂಚೆ ಕಾರಿಡಾರಿನಲ್ಲಿ ಒಂದು ಸಲ ನಡೆದು ಎರಡನೆಯ ಮೆಟ್ಟಿಲು ಎಲ್ಲಿದೆ, ಅದರ ಬಾಗಿಲು ತೆರೆಯುತ್ತದೆಯೇ ಎಂದು ತಳ್ಳಿ ನೋಡಿ. ಕಳ್ಳತನದ ಭಯಕ್ಕೆ ಬೀಗ ಜಡಿದ, ಇಲ್ಲವೇ ಹಳೆ ಹಾಸಿಗೆ, ಮುರಿದ ಕುರ್ಚಿ ಪೇರಿಸಿದ ಹಿಂದಿನ ಮೆಟ್ಟಿಲು ಕಂಡರೆ ಅದೊಂದೇ ಕಾರಣಕ್ಕೆ ಮುಂದಿನ ಸಲ ಆ ಹೋಟೆಲ್ ಬಿಡಬಹುದು. ಹೊಗೆ ತುಂಬಿದಾಗ ಲಿಫ್ಟಿನ ಪಕ್ಕದ ಮುಖ್ಯ ಮೆಟ್ಟಿಲೇ ಚಿಮಣಿಯಾಗುತ್ತದೆ. ಎರಡರಿಂದ ನಾಲ್ಕನೇ ಮಹಡಿ ಈ ಲೆಕ್ಕಕ್ಕೂ ಸದ್ದಿನ ಲೆಕ್ಕಕ್ಕೂ ಒಳ್ಳೆಯ ನಡುಮಟ್ಟ. ಒಂಟಿಯಾಗಿ ಬರುವ ಹೆಣ್ಣುಮಕ್ಕಳು ರೂಮು ನಂಬರನ್ನು ಲಾಬಿಯಲ್ಲಿ ಗಟ್ಟಿಯಾಗಿ ಹೇಳದೆ ಕಾಗದದ ಮೇಲೆ ಬರೆದು ಕೊಡಲು ಕೇಳಬಹುದು, ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಹೊರಡುವ ವಿಷಯದಲ್ಲಿ ಒಂದೆರಡು ಮಾತು. ತುಮಕೂರಿನಲ್ಲಿ ಹೆಚ್ಚಿನ ಎಕ್ಸ್‌ಪ್ರೆಸ್ ಗಾಡಿಗಳು ಹೊರಡುವುದಲ್ಲ, ನಿಂತು ಹೋಗುವುದು. ಬೆಂಗಳೂರು–ಧಾರವಾಡ ವಂದೇ ಭಾರತ್‌ಗೂ ಹುಬ್ಬಳ್ಳಿ ಜನಶತಾಬ್ದಿಗೂ ಇಲ್ಲಿ ನಿಲುಗಡೆಯಿದೆ, ಆದರೆ ಸಿಗುವುದು ಒಂದೆರಡು ನಿಮಿಷ. ಲಗೇಜು ಹಿಡಿದು ಫುಟ್‌ಬ್ರಿಜ್ ಹತ್ತಿಳಿಯಲು ಐದು ನಿಮಿಷ, ನಿಮ್ಮ ಬೋಗಿ ನಿಲ್ಲುವ ಜಾಗಕ್ಕೆ ನಡೆಯಲು ಇನ್ನೈದು ನಿಮಿಷ ಇಟ್ಟುಕೊಂಡು, ಗಾಡಿ ಎಲ್ಲಿದೆ ಎಂದು ರೈಲ್ವೆಯದೇ ಆ್ಯಪ್ ಆದ ಎನ್‌ಟಿಇಎಸ್‌ನಲ್ಲಿ ನೋಡಿ ರೂಮು ಬಿಡಿ. ಬೆಳಗಿನ ಗಾಡಿಯಾದರೆ ಬಿಲ್ಲನ್ನು ಹಿಂದಿನ ರಾತ್ರಿಯೇ ಮಾಡಿಸಿ ಹಣ ಕಟ್ಟಿಬಿಡಿ. ಐದು ಗಂಟೆಗೆ ರಿಸೆಪ್ಷನ್‌ನಲ್ಲಿ ಸೋಫಾ ಮೇಲೆ ಮುಸುಕು ಹಾಕಿ ಮಲಗಿದವನಿಗೆ ಕಂಪ್ಯೂಟರಿನ ಪಾಸ್‌ವರ್ಡ್ ಗೊತ್ತಿರುವುದಿಲ್ಲ. ಆ ಹೊತ್ತಿಗೆ ಆ್ಯಪ್ ಆಟೊ ನಂಬುವಂತಿಲ್ಲ. ಸೆಕ್ಯುರಿಟಿಯವರ ಹತ್ತಿರ ಗೊತ್ತಿರುವ ಆಟೊದವರ ನಂಬರ್ ಇದ್ದೇ ಇರುತ್ತದೆ, ರಾತ್ರಿಯೇ ಮಾತಾಡಿಸಿ ದರ ಗೊತ್ತು ಮಾಡಿಕೊಳ್ಳಿ. ಸಂಜೆ ಗಾಡಿಯವರು ಬೆಳಿಗ್ಗೆಯೇ ರೂಮು ಖಾಲಿ ಮಾಡಿ ಬ್ಯಾಗನ್ನು ರಿಸೆಪ್ಷನ್‌ನಲ್ಲಿ ಬಿಟ್ಟು ಕೆಲಸಕ್ಕೆ ಹೋಗಬಹುದು. ಎಲ್ಲರೂ ಒಪ್ಪುತ್ತಾರೆ, ಚೀಟಿ ಮಾತ್ರ ಕೇಳಿ ಪಡೆಯಬೇಕು, ಲ್ಯಾಪ್‌ಟಾಪನ್ನು ಅದರಲ್ಲಿ ಬಿಡಬಾರದು.